ಮುನೀಮ ಕಾಕಾನ ಅಂಚೆ: ಬಾಗಿಲ ತನಕ ಹೋಗಿ ವಾಪಸ್ ಬಂದೆ

ಮಾಮೂಲಾಗಿ ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಬಡ್ಡಿ, ಪಾಲು, ಸೊಸೈಟಿ ಸಾಲ, ಅಣ್ಣತಮ್ಮಂದಿರ ಹೊಲದ ತಕರಾರು ಇಂಥವೇ ಜಾಸ್ತಿ. ಎರಡು ಸಂಚಿಕೆ ಹಿಂದೆ ಯಾವುದೋ ಮಾತಿನ ನಡುವೆ ಒಂದು ಸಾಲು ಬರೆದುಬಿಟ್ಟೆ. ಕಲಬುರಗಿ ಗಂಜಿನ ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲಕ್ಕೆ ನಾನೂ ದೊಡ್ಡ ಕುಡುಕನಾಗಿದ್ದೆ, ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನುವವರು ಒಟ್ಟಿಗೆ ಕೂರುವ ಕೂಟ) ಅನ್ನುವ ಗುಂಪಿಗೆ ಹೋಗಿ ಕುಡಿತ ಬಿಟ್ಟೆ ಅಂತ. ಅಷ್ಟೇ. ಈ ಸಲ ಹೊಲದ ತಕರಾರು ಒಂದೂ ಇಲ್ಲ. ಎಲ್ಲಾ ಅದರ ಮೇಲೆಯೇ. ನಾಲ್ಕು ಕಾಗದ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಕಾಕಾ, ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಮಾಸ್ತರ. ವಯಸ್ಸು 43. ದಿನಾ ರಾತ್ರಿ ಎರಡು ಕ್ವಾರ್ಟರ್ ಆಗುತ್ತಿತ್ತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಬಂದೆ. ಬಿಟ್ಟು ಇವತ್ತಿಗೆ 22 ದಿನ. ಡಾಕ್ಟರು ಎ.ಎ. ಮೀಟಿಂಗಿಗೆ ಹೋಗಿ ಅಂದರು, ಜಾಗವನ್ನೂ ಹೇಳಿದರು. ಹೋದ ವಾರ ಹೋಗಿ ಗಾಡಿ ನಿಲ್ಲಿಸಿದೆ. ಅದು ಒಂದು ಚರ್ಚಿನ ಕಾಂಪೌಂಡಿನೊಳಗಿನ ಕೋಣೆ. ಬಾಗಿಲಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಂದೆ ನಿಂತಿದ್ದರು. ಹೆಲ್ಮೆಟ್ ಕೂಡ ತೆಗೆಯದೆ ವಾಪಸ್ ಬಂದೆ. ಅದು ಅವರ ಧರ್ಮದ ಕಾರ್ಯಕ್ರಮವಾ? ಒಳಗೆ ಏನು ಮಾಡಿಸುತ್ತಾರೆ? ಶಾಲೆಯಲ್ಲಿ ಗೊತ್ತಾದರೆ ನನ್ನ ಗತಿ ಏನು? ಮನಸ್ಸು ಗಟ್ಟಿ ಮಾಡಿಕೊಂಡು ಮನೆಯಲ್ಲೇ ಇದ್ದರೆ ಆಗುವುದಿಲ್ಲವಾ?
ಹೆಸರು ಬೇಡ, ಕಲಬುರಗಿ

ಉತ್ತರ: ಮಾಸ್ತರೇ, ಮೊದಲು ಆ ಹುಡುಗನ ತಂದೆಯ ವಿಷಯ. ಅವರು ಆ ಬಾಗಿಲಲ್ಲಿ ಯಾಕೆ ನಿಂತಿದ್ದರು ಅಂದುಕೊಂಡಿರಿ? ಗಾಳಿ ತೆಗೆದುಕೊಳ್ಳೋಕಾ? ನೀವು ಅವರನ್ನು ನೋಡಿ ಹೆದರಿದಿರಿ. ಹೆಲ್ಮೆಟ್ ತೆಗೆದಿದ್ದರೆ ಅವರು ನಿಮ್ಮನ್ನು ನೋಡಿ ಹೆದರುತ್ತಿದ್ದರು, ಅಯ್ಯೋ ಮಗನ ಮಾಸ್ತರು ಬಂದರಲ್ಲ ಅಂತ. ಆಮೇಲೆ ಇಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಿರಿ. ಅಲ್ಲಿಗೆ ಬರುವವರೆಲ್ಲ ಒಂದೇ ಕಾರಣಕ್ಕೆ ಬರುವವರು. ನಿಮ್ಮ ಗುಟ್ಟು ಅವರ ಕೈಯಲ್ಲಿದ್ದರೆ ಅವರ ಗುಟ್ಟು ನಿಮ್ಮ ಕೈಯಲ್ಲಿರುತ್ತದೆ. ಇದಕ್ಕಿಂತ ಭದ್ರವಾದ ಜಾಮೀನು ಗಂಜಿನಲ್ಲೂ ನಾನು ಕಂಡಿಲ್ಲ.

ನೀವು ಒಂದೇ ಸಲ ವಾಪಸ್ ಬಂದಿದ್ದೀರಿ. ನಾನು ಮೂರು ಸಲ. 2009ರ ಮಾರ್ಚ್ ತಿಂಗಳು, ಶರಣಬಸವೇಶ್ವರ ಜಾತ್ರೆ ಮುಗಿದ ಹೊಸದು. ಊರಿಗೆ ಆಗ ಗುಲಬರ್ಗಾ ಅಂತಲೇ ಹೆಸರು. ಶುಕ್ರವಾರ ಸಂಜೆ ಏಳಕ್ಕೆ ಮೀಟಿಂಗ್. ಆರೂವರೆಗೇ ಹೋಗಿ ಎದುರಿಗಿದ್ದ ಪಾನ್ ಅಂಗಡಿ ಮುಂದೆ ನಿಲ್ಲುತ್ತಿದ್ದೆ. ಯಾರು ಒಳಗೆ ಹೋಗುತ್ತಾರೆ ಅಂತ ಎಣಿಸುತ್ತಿದ್ದೆ, ಲೆಕ್ಕದವನ ಚಟ. ಐದು ಜನ, ಒಮ್ಮೆ ಏಳು ಜನ. ಎಂಟಕ್ಕೆ ಅವರು ಹೊರಗೆ ಬರುವ ಹೊತ್ತಿಗೆ ನಾನು ಸೀದಾ ವೈನ್ ಶಾಪಿಗೆ. ನಾಲ್ಕನೇ ಶುಕ್ರವಾರ ಒಳಗಿನಿಂದ ಒಬ್ಬ ಎತ್ತರದ ಮನುಷ್ಯ ರಸ್ತೆ ದಾಟಿ ಬಂದರು. ಪಾನ್ ತೆಗೆದುಕೊಂಡರು, ದುಡ್ಡು ಕೊಟ್ಟರು, ನನ್ನ ಕಡೆ ತಿರುಗಿದರು.

"ಮೂರ್ ವಾರದಿಂದ ನೋಡ್ಲಿಕತ್ತೀನಿ ನಿಮಗ. ಒಳಗೂ ಚಾ ಅದರಿ, ಫ್ಯಾನೂ ಅದ. ಬರ್ರಿ."

ಒಳಗೆ ಎಂಟು ಪ್ಲಾಸ್ಟಿಕ್ ಕುರ್ಚಿ, ಆರು ಜನ. ಗೋಡೆಗೆ ಹನ್ನೆರಡು ಹೆಜ್ಜೆಗಳು ಅಂತ, ಅಂದರೆ ಎ.ಎ.ಯವರು ಕುಡಿತ ಬಿಡುವ ದಾರಿ, ಹಿಂದಿಯಲ್ಲಿ ಒಂದು ಫ್ಲೆಕ್ಸ್, ಒಂದು ಮೂಲೆ ಹರಿದು ಜೋತಾಡುತ್ತಿತ್ತು. ಮೂಲೆಯಲ್ಲಿ ಹೊಟ್ಟೆ ನೆಗ್ಗಿದ ಸ್ಟೀಲ್ ಕೆಟಲ್. ಒಬ್ಬರು ಆಟೋ ಓಡಿಸುವವರು, ದಖನಿಯಲ್ಲಿ ಮಾತಾಡಿದರು. ಒಬ್ಬರು ಬ್ಯಾಂಕಿನವರು. ಶಹಾಬಾದ್ ಕಡೆಯ ಕಲ್ಲಿನ ಗಣಿಯವರೊಬ್ಬರು ಇದ್ದರು. ಹೆಂಡತಿ ಮನೆಯೆಲ್ಲ ಹುಡುಕುತ್ತಾಳೆ ಅಂತ ಬಾಟಲಿಗೆ ಹಗ್ಗ ಕಟ್ಟಿ ಬಾವಿಯೊಳಗೆ ಇಳಿಬಿಡುತ್ತಿದ್ದರಂತೆ. ಒಂದು ರಾತ್ರಿ ಅದನ್ನು ಎಳೆಯೋಕೆ ಹೋಗಿ ತಾನೇ ಬಾವಿಗೆ ಬಿದ್ದದ್ದನ್ನು ಹೇಳಿದರು. ನಾನು ನಕ್ಕೆ. ನಕ್ಕ ಮೇಲೆ ಹೆದರಿದೆ, ತಪ್ಪು ತಿಳಿಯುತ್ತಾರೇನೋ ಅಂತ. ನೋಡಿದರೆ ಅವರೇ ನಗುತ್ತಿದ್ದರು. ನನ್ನ ಬಾಟಲಿ ಇರುತ್ತಿದ್ದದ್ದು ಅಂಗಡಿಯ ಕಪಾಟಿನಲ್ಲಿ, ಹಳೇ ಖತಾವಣಿ ಪುಸ್ತಕಗಳ ಹಿಂದೆ. ಅದನ್ನು ಅವತ್ತಿನ ತನಕ ಯಾರಿಗೂ ಹೇಳಿರಲಿಲ್ಲ, ಅವತ್ತೂ ಹೇಳಲಿಲ್ಲ. ನನ್ನ ಸರದಿ ಬಂದಾಗ "ನಾನು ಸುಮ್ನೆ ನೋಡೋಕ ಬಂದೀನ್ರಿ" ಅಂದೆ. ಆರೂ ಜನ ಗೋಣು ಹಾಕಿದರು. ಅವರೆಲ್ಲರೂ ಮೊದಲ ದಿನ ಸುಮ್ನೆ ನೋಡೋಕೇ ಬಂದವರು ಅಂತ ಆಮೇಲೆ ಗೊತ್ತಾಯಿತು.

ಹೊರಡುವಾಗ ಕೆಟಲ್ ತೊಳೆಯುತ್ತಿದ್ದ ಆ ಎತ್ತರದ ಮನುಷ್ಯ ತಲೆ ಎತ್ತದೆ ಹೇಳಿದರು. "ಮುಂದಿನ ಶುಕ್ರವಾರ ಸಕ್ರಿ ನೀವ್ ತರ್ರಿ. ಅರ್ಧ ಕೆ.ಜಿ. ಸಾಕು."

ಮಾಸ್ತರೇ, ನನ್ನನ್ನು ಉಳಿಸಿದ್ದು ಆ ಅರ್ಧ ಕೆ.ಜಿ. ಸಕ್ಕರೆ ಅಂದರೆ ನೀವು ನಗಬಹುದು. ಸೋಮವಾರವೇ ಕೊಂಡು ತಂದಿಟ್ಟೆ. ಹೆಂಡತಿ ಇದ್ಯಾಕೆ ಅಂದಳು, ಬೇರೆಯವರದು ಅಂದೆ. ಬುಧವಾರ ಸಂಜೆ ಕೈ ನಡುಗುವಷ್ಟು ಆಸೆಯಾಯಿತು. ಚಪ್ಪಲಿ ಹಾಕಿಕೊಂಡೆ. ಸಕ್ಕರೆ ಪೊಟ್ಟಣ ಅಲ್ಲೇ ಬಾಗಿಲ ಪಕ್ಕದ ಗೂಡಿನಲ್ಲಿತ್ತು. ಕುಡಿದರೆ ಶುಕ್ರವಾರ ಮುಖ ತೋರಿಸೋಕೆ ಆಗುವುದಿಲ್ಲ. ಹೋಗದಿದ್ದರೆ ಆರು ಜನ ಸಪ್ಪೆ ಚಹಾ ಕುಡಿಯುತ್ತಾರೆ. ಉದ್ರಿ ಇಟ್ಟುಕೊಂಡವನಿಗೆ ನಿದ್ದೆ ಬರುವುದಿಲ್ಲವಲ್ಲ, ಹಾಗಾಯಿತು ನನಗೆ. ಅವತ್ತು ಹೋಗಲಿಲ್ಲ. ಆದ್ದರಿಂದ ನಿಮಗೆ ನನ್ನ ಮೊದಲ ಸಲಹೆ ಇದೇ. ಒಳಗೆ ಹೋದಾಗ ಮಾತಾಡದಿದ್ದರೂ ನಡೆಯುತ್ತದೆ, ಏನಾದರೂ ಒಂದು ಕೆಲಸ ಕೇಳಿ ಇಸಕೊಳ್ಳಿ. ಕುರ್ಚಿ ಹಾಕುವುದು, ಲೋಟ ತೊಳೆಯುವುದು, ಬಾಗಿಲ ಬೀಗ ತೆಗೆಯುವುದು. ಮೊದಲ ಮೀಟಿಂಗಿಗೆ ಯಾರು ಬೇಕಾದರೂ ಹೋಗುತ್ತಾರೆ. ಎರಡನೆಯದಕ್ಕೆ ಕಾಲು ಬರುವುದು ಕಷ್ಟ.

ಒಳಗೆ ಏನು ಮಾಡಿಸುತ್ತಾರೆ ಅಂದಿರಿ. ಏನೂ ಮಾಡಿಸುವುದಿಲ್ಲ. ಒಂದು, ಒಂದೂವರೆ ಗಂಟೆ ಕೂರುವುದು. ಶುರುವಿನಲ್ಲಿ ಎ.ಎ. ಅಂದರೆ ಏನು ಅಂತ ನಾಲ್ಕು ಸಾಲು ಓದುತ್ತಾರೆ. ಸದಸ್ಯನಾಗೋಕೆ ಬೇಕಾದದ್ದು ಒಂದೇ, ಕುಡಿತ ಬಿಡಬೇಕು ಅನ್ನುವ ಆಸೆ. ಫೀ ಇಲ್ಲ, ಅರ್ಜಿ ಇಲ್ಲ. ಆಮೇಲೆ ಒಬ್ಬೊಬ್ಬರೇ ತಮ್ಮ ಕಥೆ ಹೇಳುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಮ್ಮ ಕಡೆ ನಾಲ್ಕು ಜನ ಸೇರಿ ಒಬ್ಬನೂ ಬುದ್ಧಿ ಹೇಳದೆ ಒಂದು ಗಂಟೆ ಕೂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕೊನೆಗೆ ಒಂದು ಬಟ್ಟೆ ಚೀಲ ಸುತ್ತು ಬರುತ್ತದೆ. ಇದ್ದವರು ಹತ್ತಿಪ್ಪತ್ತು ಹಾಕುತ್ತಾರೆ, ಕೋಣೆ ಬಾಡಿಗೆಗೆ, ಚಹಾಕ್ಕೆ. ಹೊಸಬರು ಹಾಕದಿದ್ದರೆ ಯಾರೂ ಕೇಳುವುದಿಲ್ಲ. ಕ್ಲೋಸ್ಡ್ ಮೀಟಿಂಗ್ ಅಂತ ಬರೆದಿದ್ದರೆ ಕುಡಿತದ ತೊಂದರೆ ಇರುವವರು ಮಾತ್ರ ಕೂರುತ್ತಾರೆ. ಓಪನ್ ಅಂತಿದ್ದರೆ ಹೆಂಡತಿ, ಅಣ್ಣ, ಡಾಕ್ಟರು ಯಾರಾದರೂ ಬರಬಹುದು.

ಧರ್ಮದ ಮಾತು. ಚರ್ಚಿನ ಕೋಣೆ ಅಂದರೆ ಚರ್ಚಿನ ಕಾರ್ಯಕ್ರಮ ಅಂತಲ್ಲ. ಕಡಿಮೆ ಬಾಡಿಗೆಗೆ ಸಂಜೆ ಹೊತ್ತು ಒಂದು ಕೋಣೆ ಯಾರು ಕೊಡುತ್ತಾರೋ ಅಲ್ಲಿ ಕೂರುತ್ತಾರೆ. ಶಾಲೆ, ಆಸ್ಪತ್ರೆ, ಸಮುದಾಯ ಭವನ, ಎಲ್ಲಾದರೂ. ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ, ನಿಜ. ಆದರೆ "ನಾವು ತಿಳಿದುಕೊಂಡ ಹಾಗೆ" ಅಂತ ಪಕ್ಕದಲ್ಲೇ ಬರೆದಿದ್ದಾರೆ. ನಮ್ಮ ಗುಂಪಿನಲ್ಲಿ ಒಬ್ಬರು ಶರಣಬಸಪ್ಪ ಅನ್ನುತ್ತಾರೆ, ಒಬ್ಬರು ಬಂದೇ ನವಾಜ್ ಅನ್ನುತ್ತಾರೆ. ಬಾವಿಗೆ ಬಿದ್ದ ನಮ್ಮ ಗಣಿಯವರು ಕೆಂಪು ಬಾವುಟದವರು, "ನನಗ ಈ ಆರು ಕುರ್ಚೀನ ದೇವ್ರು" ಅನ್ನುತ್ತಿದ್ದರು. ಯಾರೂ ಜಗಳ ತೆಗೆಯಲಿಲ್ಲ.

ಮನೆಯಲ್ಲೇ ಗಟ್ಟಿ ಮನಸ್ಸು ಮಾಡಿದರೆ ಆಗುವುದಿಲ್ಲವಾ ಅಂದಿರಿ. ಕೆಲವರಿಗೆ ಆಗುತ್ತದೆ. ನನಗೆ ಆಗಲಿಲ್ಲ. 2007ರ ಜುಲೈ 1ಕ್ಕೆ ಸರ್ಕಾರ ಸಾರಾಯಿ ಬಂದ್ ಮಾಡಿತಲ್ಲ, ಅವತ್ತು ಒಳ್ಳೇದೇ ಆಯಿತು, ಇನ್ನು ತಾನಾಗಿಯೇ ಬಿಟ್ಟುಹೋಗುತ್ತದೆ ಅಂದುಕೊಂಡೆ. ಒಂದು ವಾರ ಗಟ್ಟಿ ಮನಸ್ಸು ಇತ್ತು. ಆಮೇಲೆ ಕ್ವಾರ್ಟರಿಗೆ ಹತ್ತಿದೆ. ಉದ್ರಿ ಮಾತ್ರ ಮೂರು ಪಟ್ಟಾಯಿತು. ಮನಸ್ಸಿನ ಗಟ್ಟಿತನ ಬೆಳಿಗ್ಗೆ ಇದ್ದಷ್ಟು ಸಂಜೆ ಏಳಕ್ಕೆ ಇರುವುದಿಲ್ಲ. ಮೀಟಿಂಗುಗಳು ಸಾಮಾನ್ಯವಾಗಿ ಸಂಜೆಯೇ ಇರುವುದರಲ್ಲಿ ಒಂದು ಲಾಭವಿದೆ. ನಿಮ್ಮ ಮೊದಲ ಕ್ವಾರ್ಟರ್ ಶುರುವಾಗುತ್ತಿದ್ದ ಹೊತ್ತು ಅದು.

ಈ ಗುಂಪು ಹುಟ್ಟಿದ್ದೂ ಅಂಥದೇ ಒಂದು ಹೊತ್ತಿನಲ್ಲಿ. 1935ರಲ್ಲಿ ಬಿಲ್ ಅನ್ನುವ ನ್ಯೂಯಾರ್ಕಿನ ಷೇರು ದಲ್ಲಾಳಿ (ನಮ್ಮ ಗಂಜಿನವರಿಗೆ ದಲ್ಲಾಳಿ ಅಂದರೆ ಬಿಡಿಸಿ ಹೇಳಬೇಕಿಲ್ಲ) ವ್ಯವಹಾರಕ್ಕೆ ಅಂತ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿಗೆ ಹೋಗಿದ್ದ. ಬಿಟ್ಟು ಐದು ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟಿತು. ಪರ ಊರು, ಹೋಟೆಲು, ಒಂದು ಕಡೆ ಬಾರಿನೊಳಗಿನ ನಗು, ಇನ್ನೊಂದು ಕಡೆ ಗೋಡೆಗೆ ಫೋನು. ಅವನು ಫೋನ್ ಹತ್ತಿರ ಹೋದ. ಊರಿನ ಚರ್ಚುಗಳಿಗೆ ಒಂದೊಂದಾಗಿ ಫೋನ್ ಮಾಡಿ, ನಿಮ್ಮೂರಲ್ಲಿ ಯಾರಾದರೂ ಕುಡುಕ ಇದ್ದರೆ ಹೇಳಿ, ಅವನ ಜೊತೆ ಮಾತಾಡಬೇಕು ಅಂತ ಕೇಳಿದ. ಹಾಗೆ ಸಿಕ್ಕವರು ಡಾ. ಬಾಬ್ ಅನ್ನುವ ಸರ್ಜನ್. ಹದಿನೈದು ನಿಮಿಷ ಅಷ್ಟೇ ಅಂತ ಕೂತವರು ಆರು ಗಂಟೆ ಮಾತಾಡಿದರು. ಡಾಕ್ಟರ ಕೊನೆಯ ಕುಡಿತ 1935ರ ಜೂನ್ 10. ಅದೇ ದಿನವನ್ನು ಎ.ಎ. ಹುಟ್ಟಿದ ದಿನ ಅಂತ ಎಣಿಸುತ್ತಾರೆ. ಭಾರತಕ್ಕೆ ಅದು ಬಂದದ್ದು 1957ರಲ್ಲಿ. ಬಿಲ್ ಅವತ್ತು ಡಾಕ್ಟರನ್ನು ಹುಡುಕಲಿಲ್ಲ, ಸ್ವಾಮಿಯನ್ನು ಹುಡುಕಲಿಲ್ಲ, ತನ್ನಂಥ ಇನ್ನೊಬ್ಬನನ್ನು ಹುಡುಕಿದ. ಡಾಕ್ಟರೇ ಸಿಕ್ಕದ್ದು ಆಕಸ್ಮಿಕ.

ಕಥೆ ಸಾಲದು, ಲೆಕ್ಕ ಕೊಡಿ ಅನ್ನುವವರಿಗೆ: 2020ರಲ್ಲಿ ಕೊಕ್ರೇನ್ ಎಂಬ, ಚಿಕಿತ್ಸೆಗಳ ಅಧ್ಯಯನಗಳನ್ನು ತಾಳೆ ಹಾಕಿ ನೋಡುವ ಸಂಸ್ಥೆ 27 ಅಧ್ಯಯನಗಳನ್ನು, ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟಿಗೆ ತೆಗೆದು ನೋಡಿತು. ಡಾಕ್ಟರು, ಕೌನ್ಸೆಲರು ಕ್ರಮವಾಗಿ ಎ.ಎ.ಗೆ ಹಚ್ಚಿದವರಲ್ಲಿ ಪೂರ್ತಿ ಬಿಟ್ಟು ಉಳಿದವರು ಬೇರೆ ಚಿಕಿತ್ಸೆಯವರಿಗಿಂತ ಜಾಸ್ತಿಯೇ ಕಂಡರು. ಹಾಗಂತ ಡಾಕ್ಟರ ಗುಳಿಗೆ ಬಿಡಬೇಡಿ. ಗುಂಪಿನಲ್ಲಿ ಯಾರಾದರೂ "ಗುಳಿಗಿ ಯಾಕ, ಮೀಟಿಂಗ್ ಸಾಕು" ಅಂದರೆ ಆ ಮಾತನ್ನು ಅಲ್ಲೇ ಬಿಟ್ಟು ಬನ್ನಿ.

ನೌಕರಿ ವಿಷಯ. ಅಲ್ಲಿ ಹಾಜರಿ ಪುಸ್ತಕ ಇಲ್ಲ. ಪೂರ್ತಿ ಹೆಸರೂ ಬೇಕಿಲ್ಲ. ಒಳಗೆ ಕೇಳಿದ್ದನ್ನು ಒಳಗೇ ಬಿಡಬೇಕು ಅನ್ನುವುದು ಗುಂಪಿನ ಮೊದಲ ಮರ್ಯಾದೆ. ನನ್ನ ಹೆಸರು, ಫೋಟೋ ಈ ಅಂಕಣದಲ್ಲಿ ಯಾಕಿಲ್ಲ ಅಂತ ಕೆಲವರು ಕೇಳಿದ್ದೀರಿ. ಪೇಪರು, ರೇಡಿಯೋ, ಸಿನಿಮಾದಲ್ಲಿ ಸದಸ್ಯರು ಹೆಸರು ಹೇಳಿಕೊಳ್ಳಬಾರದು ಅಂತ ಎ.ಎ.ಯ ಸಂಪ್ರದಾಯ. ಆದ್ದರಿಂದ ಮುನೀಮ ಕಾಕಾ. ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ಕಲಬುರಗಿ ದೊಡ್ಡ ಊರಾದರೂ ಸಣ್ಣ ಊರೇ. ಯಾರೋ ಒಬ್ಬರು ನೋಡಬಹುದು. ಆದರೆ ಎರಡು ಕ್ವಾರ್ಟರ್ ಹಾಕಿಕೊಂಡು ನೀವು ಗಾಡಿ ಓಡಿಸುವುದನ್ನು ಅವರು ಆಗಲೇ ನೋಡಿರುತ್ತಾರೆ, ಅಲ್ವಾ?

ಇನ್ನೊಂದು. ನಾನು ಏಳು ತಿಂಗಳು ಬಿಟ್ಟವನು ಹುಮನಾಬಾದಿನ ಒಂದು ಮದುವೆಯಲ್ಲಿ ಜಾರಿದೆ. ಬರೀ ಒಂದು ನೈಂಟಿ ಅಂತ ಶುರುವಾದದ್ದು ನಾಲ್ಕು ದಿನ ನಡೆಯಿತು. ಇನ್ನು ಆ ಕೋಣೆಗೆ ಯಾವ ಮುಖ ಹೊತ್ತು ಹೋಗಲಿ ಅಂತ ಎರಡು ಶುಕ್ರವಾರ ತಪ್ಪಿಸಿದೆ. ಮೂರನೆಯದಕ್ಕೆ ಹೋದೆ, ಎಲ್ಲಾ ಒಪ್ಪಿಕೊಳ್ಳೋಣ ಅಂತ ಮಾತು ಜೋಡಿಸಿಕೊಂಡು. ಎತ್ತರದ ಮನುಷ್ಯ ಕೆಟಲಿಗೆ ನೀರು ಹಾಕುತ್ತಿದ್ದರು. ನನ್ನ ಕೈ ನೋಡಿದರು. "ಸಕ್ರಿ ತಂದಿಲ್ಲೇನು?" ಅಂದರು. ಅಷ್ಟೇ. ಅಂಗಡಿಗೆ ಹೋಗಿ ತಂದೆ. ಅವತ್ತಿನಿಂದ ಇವತ್ತಿನ ತನಕ ಮುಟ್ಟಿಲ್ಲ.

ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ, ಆದರೆ ಆರು ಸಲ ಹೋಗುವ ತನಕ ತೀರ್ಪು ಕೊಡಬೇಡಿ. ಆ ಹುಡುಗನಿಗೆ ಮಾರ್ಕ್ಸ್ ಮಾತ್ರ ಮೊದಲಿನ ಹಾಗೆಯೇ ಹಾಕಿ.

ಪ್ರಶ್ನೆ: ಕಾಕಾರೆ, ನಮ್ಮದು ಸೇಡಂ ತಾಲೂಕು. ನಮ್ಮ ಮನೆಯವರು ಲಾರಿ ಡ್ರೈವರ್. ಮೊದಲು ರಾತ್ರಿ ಕುಡಿಯುತ್ತಿದ್ದರು. ಈಗ ಬೆಳಿಗ್ಗೆ ಎದ್ದ ಕೂಡಲೇ ಬೇಕು, ಇಲ್ಲದಿದ್ದರೆ ಕೈ ನಡುಗಿ ಚಹಾದ ಕಪ್ಪು ನಿಲ್ಲುವುದಿಲ್ಲ. ಮೈದುನ ಹೇಳುತ್ತಾನೆ, ನಾಲ್ಕು ದಿನ ಕೋಣೆಯಲ್ಲಿ ಹಾಕಿ ಬೀಗ ಹಾಕೋಣ ವೈನಿ ಅಂತ. ನೆಗೆಣ್ಣಿ ಹೇಳುತ್ತಾಳೆ, ಸಾರಿನಲ್ಲಿ ಗೊತ್ತಿಲ್ಲದ ಹಾಗೆ ಹಾಕುವ ಗುಳಿಗೆ ಇದೆ, ಕುಡಿದರೆ ವಾಂತಿ ಆಗಿ ತಾನೇ ಬಿಡುತ್ತಾರೆ ಅಂತ. ನೀವು ಬರೆದ ಗುಂಪಿಗೆ ಕರೆದುಕೊಂಡು ಹೋಗಬೇಕೆಂದರೆ ಅವರು ಬರುವುದಿಲ್ಲ. ಯಾವುದು ಮಾಡಲಿ?
ಒಬ್ಬ ತಂಗಿ, ಸೇಡಂ

ಉತ್ತರ: ತಂಗೀ, ಬೀಗವೂ ಬೇಡ, ಸಾರಿನ ಗುಳಿಗೆಯೂ ಬೇಡ. ಎರಡರಲ್ಲೂ ಜೀವ ಹೋಗಬಹುದು. ಗುಂಪು ಆಮೇಲಿನ ಮಾತು. ಮೊದಲು ಆಸ್ಪತ್ರೆ.

ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದೆ ಅಂದರೆ ದೇಹ ಅದಕ್ಕೆ ಒಗ್ಗಿಹೋಗಿದೆ ಅಂತ. ಅಂಥವರು ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನಕ್ಕೆ ಕೆಲವರಿಗೆ ಇಲ್ಲದ ಹುಳು ಹುಪ್ಪಟೆ, ಇಲ್ಲದ ಜನ ಕಾಣುತ್ತಾರೆ. ಜ್ವರ, ಬೆವರು, ಎಲ್ಲಿದ್ದೇನೆ ಅನ್ನುವುದೂ ಗೊತ್ತಾಗದ ಸ್ಥಿತಿ. ಅದನ್ನು ಊರಲ್ಲಿ ಗಾಳಿ ಬಡಿದಿದೆ ಅಂತ ಯಂತ್ರ ಕಟ್ಟಿಸೋಕೆ ಓಡುತ್ತಾರೆ. ಅದು ಗಾಳಿಯಲ್ಲ, ಕುಡಿತ ಒಮ್ಮೆಲೇ ನಿಂತದ್ದರ ಏಟು. ಬೀಗ ಹಾಕಿದ ಕೋಣೆಯಲ್ಲಿ ಹಾಗಾದರೆ ನೋಡುವವರು ಯಾರು? ಹಾಗೇನಾದರೂ ಆದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ನಡುಕ ಇಳಿಸುವ ಗುಳಿಗೆಯನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಕೊಡುತ್ತಾರೆ, ಜೊತೆಗೆ ಬಿ1 ವಿಟಮಿನ್. ಒಂದು ವಾರ, ಹತ್ತು ದಿನದ ಕೆಲಸ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ಮೆಡಿಕಲ್ ಕಾಲೇಜುಗಳು. ಅಲ್ಲಿ ಹೋಗಿ ಮನೋರೋಗ ವಿಭಾಗ ಎಲ್ಲಿ ಅಂತ ಕೇಳಿ. ಆ ಹೆಸರು ಕೇಳಿ ಅಂಜಬೇಡಿ, ಕುಡಿತ ಬಿಡಿಸುವ ಡಾಕ್ಟರು ಕೂರುವುದು ಅಲ್ಲಿಯೇ.

ಇನ್ನು ಸಾರಿನ ಗುಳಿಗೆ. ಅದರ ಹೆಸರು ಡೈಸಲ್ಫಿರಾಮ್. ಅದು ಒಳ್ಳೆಯ ಔಷಧವೇ, ಆದರೆ ತಿನ್ನುವವನಿಗೆ ಗೊತ್ತಿದ್ದು ತಿಂದರೆ ಮಾತ್ರ. ದೇಹದಲ್ಲಿ ಕುಡಿದದ್ದು ಕರಗುವ ದಾರಿಯನ್ನು ಅದು ನಡುವೆಯೇ ಕಟ್ಟುತ್ತದೆ. ಆಗ ವಿಷದಂಥ ಪದಾರ್ಥ ರಕ್ತದಲ್ಲಿ ಉಳಿಯುತ್ತದೆ. ಮುಖ ಕೆಂಪಾಗುತ್ತದೆ, ಎದೆ ಡವಡವ ಬಡಿಯುತ್ತದೆ, ವಾಂತಿ, ಬಿ.ಪಿ. ಕುಸಿಯುತ್ತದೆ. ಗುಳಿಗೆ ನಿಲ್ಲಿಸಿದರೂ ಸುಮಾರು ಎರಡು ವಾರ ಅದರ ಪರಿಣಾಮ ಉಳಿಯಬಹುದು. ನಿಮ್ಮವರಿಗೆ ಗೊತ್ತಿಲ್ಲ, ಲಾರಿ ಹತ್ತಿದ್ದಾರೆ, ದಾರಿಯಲ್ಲಿ ಎಲ್ಲೋ ಒಂದು ಕ್ವಾರ್ಟರ್ ಹಾಕಿಕೊಂಡರು ಅಂದುಕೊಳ್ಳಿ. ಸ್ಟೇರಿಂಗ್ ಹಿಡಿದವರಿಗೆ ಹಾಗಾದರೆ? ನಿಮ್ಮ ನೆಗೆಣ್ಣಿ ಒಳ್ಳೇದಕ್ಕೇ ಹೇಳಿರಬಹುದು. ಆದರೂ ಆ ಗುಳಿಗೆ ಮನೆಯಲ್ಲಿದ್ದರೆ ಇವತ್ತೇ ತಿಪ್ಪೆಗೆ ಹಾಕಿ. ಡಾಕ್ಟರು ಪರೀಕ್ಷೆ ಮಾಡಿ, ನಿಮ್ಮವರೂ ಒಪ್ಪಿ, ದಿನಾ ನಿಮ್ಮ ಕೈಯಿಂದ ಇಸಕೊಂಡು ತಿಂದರೆ ಆ ಮಾತು ಬೇರೆ.

ಅವರು ಗುಂಪಿಗೆ ಬರುವುದಿಲ್ಲ ಅಂದಿರಿ. ನೀವು ಹೋಗಿ. ಬಿಲ್ ಅವರ ಹೆಂಡತಿ ಲೋಯಿಸ್ 1951ರಲ್ಲಿ ಕುಡಿಯುವವರ ಮನೆಯವರಿಗೆ ಅಂತಲೇ ಅಲ್-ಅನಾನ್ ಅಂತ ಬೇರೆ ಗುಂಪು ಕಟ್ಟಿದರು. ಹತ್ತಿರದಲ್ಲಿ ಅದು ಸಿಗದಿದ್ದರೆ ಎ.ಎ.ಯ ಓಪನ್ ಮೀಟಿಂಗಿಗೆ ಹೋಗಿ ಕೂರಬಹುದು. ಗಂಡ ಕುಡಿಯುವುದು ನಿಮ್ಮ ಅಡುಗೆ ಸರಿಯಿಲ್ಲದ್ದಕ್ಕೂ ಅಲ್ಲ, ನಿಮ್ಮ ಬಾಯಿಗೂ ಅಲ್ಲ ಅಂತ ಹತ್ತು ವರ್ಷ ಬಿಟ್ಟವರ ಬಾಯಿಂದಲೇ ಕೇಳಿದರೆ ಎದೆ ಹಗುರಾಗುತ್ತದೆ. ನನ್ನ ಹೆಂಡತಿ ಮೊದಲ ಸಲ ಬಂದವಳು ಒಂದು ಗಂಟೆ ಪೂರ್ತಿ ಸೆರಗಿನ ಅಂಚು ಹಿಂಡುತ್ತಾ ಕೂತಿದ್ದಳು. ಹೊರಗೆ ಬಂದು ಅಂದದ್ದು ಒಂದೇ ಮಾತು, "ಅವರ ಮನ್ಯಾಗೂ ಹಿಂಗೇ ಇತ್ತಂತ."

ಕೇಳುವ ಹೊತ್ತನ್ನೂ ನೋಡಿಕೊಳ್ಳಿ. ಕುಡಿದಾಗ ಕೇಳಬೇಡಿ. ಜಗಳದ ಮರುದಿನ ಬೆಳಿಗ್ಗೆಯೂ ಬೇಡ, ಅವತ್ತು ಏನು ಕೇಳಿದರೂ ಹೂಂ ಅನ್ನುತ್ತಾರೆ, ಅದು ನಿಲ್ಲುವುದಿಲ್ಲ. ನಡುಗುವ ಕೈ ನೋಡಿಕೊಂಡು ಅವರೇ ಏನಾದರೂ ಅಂದಾಗ, ಕೈ ತೋರಿಸಿಕೊಂಡು ಬರೋಣ ನಡೀರಿ ಅನ್ನಿ. ಕುಡಿತ ಬಿಡಿಸೋಕೆ ಅನ್ನಬೇಡಿ, ಕೈಗೆ ಅನ್ನಿ. ಸುಳ್ಳೇನಲ್ಲವಲ್ಲ. ಅದಕ್ಕೂ ಮೊದಲು ನಿಮಗೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಇರುವ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನದ ವಿಷಯಕ್ಕೆ ಅಂತಲೇ 14446 ಅಂತ ಇನ್ನೊಂದು ನಂಬರ್ ಇದೆ. ಮೈಮೇಲೆ ಕೈ ಮಾಡುತ್ತಿದ್ದರೆ ಮಾತ್ರ ಮಕ್ಕಳನ್ನು ಕರೆದುಕೊಂಡು ಮೊದಲು ತವರಿಗೆ ಹೋಗಿ. ಗುಂಪು, ಗುಳಿಗೆ ಎಲ್ಲಾ ಅಲ್ಲಿಂದಲೇ ನೋಡಿದರಾಯಿತು.

ಪ್ರಶ್ನೆ: ನಾನು ಶಹಾಪುರ ತಾಲೂಕಿನ ಹಳ್ಳಿಯವನು. ನಮ್ಮಲ್ಲಿ ಮದ್ಯವರ್ಜನ ಶಿಬಿರ ಆಗಿತ್ತು. ಅದರಲ್ಲಿ ಸೇರಿ ಬಿಟ್ಟೆ. ಕೊನೆಯ ದಿನ ಹಾರ ಹಾಕಿದರು, ಹೆಂಡತಿ ಅತ್ತಳು. ಈಗ ಮೂರು ತಿಂಗಳು. ನನ್ನ ಜೊತೆ ಇದ್ದವರಲ್ಲಿ ಕೆಲವರು ಮತ್ತೆ ಸೇಂದಿಗೆ ಹೋಗಿದ್ದಾರೆ. ನನಗೂ ಅಂಜಿಕೆ ಹತ್ತಿದೆ. ಕಲಬುರಗಿ ನಮಗೆ ದೂರ. ವಾರ ವಾರ ಬರೋಕೆ ದುಡ್ಡೂ ಇಲ್ಲ, ಪಗಾರವೂ ಹೋಗುತ್ತದೆ. ಏನು ಮಾಡಲಿ?
ರೈತ, ಯಾದಗಿರಿ ಜಿಲ್ಲೆ

ಉತ್ತರ: ತಮ್ಮಾ, ಅಂಜಿಕೆ ಹತ್ತಿದ್ದು ಒಳ್ಳೇದೇ. ಹಾರ ಹಾಕಿಸಿಕೊಂಡ ಮೇಲೆ ಅಂಜಿಕೆ ಇಲ್ಲದವರೇ ಮೊದಲು ಹೋಗುತ್ತಾರೆ.

ಶಿಬಿರ ಯಾರು ಮಾಡಿದ್ದು ಅಂತ ನೀವು ಬರೆದಿಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆಯದಾದರೆ ಶಿಬಿರ ಮುಗಿಸಿದವರಿಗೆ ಅಂತಲೇ ನವಜೀವನ ಸಮಿತಿ ಇರುತ್ತದೆ, ಬಿಟ್ಟವರು ಆಗಾಗ ಒಟ್ಟಿಗೆ ಕೂರುತ್ತಾರೆ. ನಿಮ್ಮ ಶಿಬಿರದ ಮೇಲ್ವಿಚಾರಕರನ್ನು ಹಿಡಿದು ನಮ್ಮದು ಯಾವಾಗ ಕೂರುತ್ತದೆ ಅಂತ ಕೇಳಿ. ಕೇಳದಿದ್ದರೆ ಅವರೂ ಮರೆಯುತ್ತಾರೆ, ಮುಂದಿನ ಶಿಬಿರದ ಗಡಿಬಿಡಿ ಇರುತ್ತದಲ್ಲ.

ಅದು ಕೂಡಲಿಲ್ಲ ಅಂದರೆ ಕಲಬುರಗಿಯ ಗುಂಪು ಬೇಕೇ ಬೇಕು ಅಂತಲೂ ಇಲ್ಲ. ಎ.ಎ.ಯ ಸಂಪ್ರದಾಯದಲ್ಲಿ ಇಬ್ಬರು ಮೂವರು ಕುಡಿತ ಬಿಡೋಕೆ ಅಂತ ಒಟ್ಟಿಗೆ ಕೂತರೆ ಅದೇ ಒಂದು ಗುಂಪು. ಶಿಬಿರದಲ್ಲಿ ನಿಮ್ಮ ಪಕ್ಕ ಚಾಪೆ ಹಾಸಿದ್ದವನು ಇನ್ನೂ ಬಿಟ್ಟಿದ್ದಾನಾ? ಅವನೇ ಸಾಕು. ವಾರಕ್ಕೊಂದು ದಿನ, ಒಂದೇ ಹೊತ್ತು, ಒಂದೇ ಜಾಗ. ಸೇಂದಿ ಸಿಗುವ ಮನೆ ದಾರಿಯಲ್ಲಿ ಬರದಂಥ ಜಾಗ ನೋಡಿ. ಅವನು ಬರದಿದ್ದರೂ ನೀವು ಆ ಒಂದು ಗಂಟೆ ಅಲ್ಲೇ ಕೂತಿರಿ. ಮುಂದಿನ ವಾರ ಅವನಿಗೆ ನಾಚಿಕೆಯಾಗುತ್ತದೆ.

ಮಗನ ಹತ್ತಿರ ದೊಡ್ಡ ಫೋನಿದ್ದರೆ ಜೂಮಿನಲ್ಲಿ ನಡೆಯುವ ಮೀಟಿಂಗುಗಳೂ ಇವೆ. ಕೊರೊನಾ ಕಾಲದಲ್ಲಿ ಹತ್ತಿದ ರೂಢಿ ಅದು, ಎಷ್ಟೋ ಕಡೆ ಹಾಗೇ ಉಳಿದಿದೆ. ಎ.ಎ.ಯ ಭಾರತದ ಕಚೇರಿ ಮುಂಬೈಯಲ್ಲಿದೆ. ಅದರ ವೆಬ್‌ಸೈಟಿನಲ್ಲಿ ನೋಡಲಿ, ಇಲ್ಲದಿದ್ದರೆ ಅಲ್ಲಿಗೆ ಫೋನ್ ಮಾಡಿ ಕನ್ನಡದವರು ಯಾವಾಗ ಕೂರುತ್ತಾರೆ ಅಂತ ಕೇಳಲಿ. ಹೊಲದಲ್ಲಿ ಬೇವಿನ ಗಿಡದ ಕೆಳಗೆ ಕೂತು ಮೀಟಿಂಗ್ ಮಾಡುವವರೊಬ್ಬರು ನನಗೆ ಗೊತ್ತು. ಅವರು ಮಾತಾಡುವಾಗ ಹಿಂದೆ ಎತ್ತಿನ ಗಂಟೆ ಕೇಳಿಸುತ್ತಿರುತ್ತದೆ. ಡಾಕ್ಟರನ್ನು ಕಾಣಬೇಕಾದರೂ ಕಲಬುರಗಿಗೇ ಬರಬೇಕಿಲ್ಲ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟರು ಬರುವ ಮನೋಚೈತನ್ಯ ಕ್ಲಿನಿಕ್ ಅಂತ ಇದೆ. ಹೋಗುವ ಮೊದಲು ಆಶಾ ಕಾರ್ಯಕರ್ತೆಯ ಹತ್ತಿರ ಈ ವಾರ ಇದೆಯಾ ಅಂತ ವಿಚಾರಿಸಿ.

ಒಂದು ಸಲ ಮಾತ್ರ, ದುಡ್ಡು ಕೂಡಿಸಿಕೊಂಡು, ಯಾದಗಿರಿಯಿಂದ ವಾಡಿ ಮೇಲೆ ರೈಲು ಹತ್ತಿ ಕಲಬುರಗಿಯ ಮೀಟಿಂಗ್ ಒಂದನ್ನು ನೋಡಿಕೊಂಡು ಹೋಗಿ. ಹೇಗೆ ಕೂರುತ್ತಾರೆ, ಹೇಗೆ ಸುಮ್ಮನಿರುತ್ತಾರೆ ಅಂತ ಕಣ್ಣಿಂದ ಕಂಡರೆ ಊರಲ್ಲಿ ಮಾಡೋಕೆ ಸುಲಭ.

ಪ್ರಶ್ನೆ: ಬೀದರಿನಲ್ಲಿ ನಂದೊಂದು ಸಣ್ಣ ಚಹಾ ಹೋಟೆಲ್ ಇದೆ. ಮೇಲೊಂದು ಕೋಣೆ ಖಾಲಿ ಇದೆ. ಮೂರ್ನಾಲ್ಕು ಜನ ಬಂದು, ನಾವು ಕುಡಿತ ಬಿಟ್ಟವರು, ವಾರಕ್ಕೆ ಒಂದು ಗಂಟೆ ಕೋಣೆ ಕೊಡಿ ಅಂತ ಕೇಳಿದರು. ಪುಣ್ಯದ ಕೆಲಸ, ಪುಕ್ಕಟೆ ಕೊಡುತ್ತೇನೆ, ಹೊರಗೆ ಒಂದು ಬೋರ್ಡೂ ಬರೆಸುತ್ತೇನೆ ಅಂದೆ. ಅವರು ಎರಡಕ್ಕೂ ಬೇಡ ಅಂದರು. ಇವರೇನು ಸರಿಯಾದ ಜನ ಹೌದೋ ಅಲ್ಲೋ?
ಹೋಟೆಲ್‌ನವರು, ಬೀದರ್

ಉತ್ತರ: ಸರಿಯಾದ ಜನವೇ. ಹೊರಗಿನವರ ದೇಣಿಗೆ ತೆಗೆದುಕೊಳ್ಳದೆ ತಮ್ಮ ಖರ್ಚು ತಾವೇ ನೋಡಿಕೊಳ್ಳಬೇಕು ಅಂತ ಅವರದೊಂದು ಸಂಪ್ರದಾಯ. ಕುಡಿಯುವಾಗ ಊರೆಲ್ಲ ಉದ್ರಿ ಮಾಡಿದವರು ನಾವು, ಪುಕ್ಕಟೆ ಅಂದರೆ ಈಗ ಮೈ ಉರಿಯುತ್ತದೆ. ಆದ್ದರಿಂದ ಬಾಡಿಗೆ ಇಸಕೊಳ್ಳಿ. ಐವತ್ತೋ ನೂರೋ, ಅವರ ಚೀಲಕ್ಕೆ ಭಾರವಾಗದಷ್ಟು. ಬೋರ್ಡ್ ಬೇಡ ಅಂದದ್ದು ಮೆಟ್ಟಿಲು ಹತ್ತುವ ಹೊಸಬನಿಗಾಗಿ. ಅವನು ಕೆಳಗೆ ನಿಮ್ಮ ಹೋಟೆಲಿಗೇ ಬಂದ ಹಾಗೆ ಕಾಣಬೇಕು. ಯಾರಾದರೂ ಎರಡು ಚಹಾ ಕುಡಿದು, ಮೂರನೆಯದನ್ನೂ ಹೇಳಿ, ಮೇಲಕ್ಕೆ ನೋಡುತ್ತಾ ಕೂತಿದ್ದರೆ ಅವನನ್ನು ಏನೂ ಕೇಳಬೇಡಿ. ಮೇಲಿನವರಿಗೆ ಒಂದು ಸನ್ನೆ ಮಾಡಿ ಸಾಕು, ಅವರೇ ಇಳಿದು ಬರುತ್ತಾರೆ.

ಚಹಾದ ಬಿಲ್ಲು ಬಾಡಿಗೆಯಲ್ಲಿ ಸೇರಿಸಬೇಡಿ. ಬೇರೆ ಬರೆಯಿರಿ.